ಆಶಾರಿಗೆ ಒಂದು ಸ್ಟೂಲು

ಕೇರಳದ ಚೇರ್ಪಿನ ಸುತ್ತಮುತ್ತ ಬಡಗಿ ಪಂಕಜಾಕ್ಷನ್ ಆಶಾರಿ ಮಾಡಿದ ಕುರ್ಚಿಯಲ್ಲಿ ಕೂರದವನು ಒಬ್ಬನೇ ಒಬ್ಬ. ಅವನೇ ಪಂಕಜಾಕ್ಷನ್ ಆಶಾರಿ.

ಅವನ ಕೆಲಸವೆಲ್ಲ ನೆಲದ ಮೇಲೆ. ಮರದ ತುಂಡನ್ನು ಕಾಲ್ಬೆರಳುಗಳಲ್ಲಿ ಅದುಮಿ ಹಿಡಿದು ಉಳಿ ಹೊಡೆಯುವುದು ಅಪ್ಪನ ಕಾಲದ ಪದ್ಧತಿ. ಅಪ್ಪನ ಇನ್ನೊಂದು ಕಟ್ಟಳೆಯೂ ಇತ್ತು: ಮರಗೆಲಸದ ಈ ಪಣಿಶಾಲೆಯೊಳಗೆ ಮೊಳೆ ಕಾಲಿಡಕೂಡದು. ಮರದ ತೂತಿಗೆ ಮರದ್ದೇ ನಾಲಿಗೆ ಕೂರಿಸಿ, ಗೂಟ ಬಡಿದು ಮಾಡಿದ್ದೇ ಕೆಲಸ, ಉಳಿದದ್ದು ಸೌದೆ.

ಮಂಡಿಗಳಿಗೆ ಮಾತ್ರ ಇಷ್ಟೊಂದು ಪರಂಪರೆ ಹಿಡಿಸಲಿಲ್ಲ. ತ್ರಿಶ್ಶೂರಿನ ಡಾಕ್ಟರರು ಮುಲಾಜಿಲ್ಲದೆ ಹೇಳಿದರು: "ಇನ್ನು ನೆಲದ ಮೇಲೆ ಕೂರೋ ಹಾಗಿಲ್ಲ. ಸ್ಟೂಲ್ ಮೇಲೆ ಕೂತು ಕೆಲಸ ಮಾಡಿ, ಇಲ್ಲಾಂದ್ರೆ ಮನೇಲಿರಿ." ಮನೆಯಲ್ಲಿರುವುದೆಂದರೆ ಹೆಂಡತಿ ತಂಗಮಣಿಯ ಕೈಕೆಳಗೆ ತೆಂಗಿನಕಾಯಿ ತುರಿಯುವುದು. ಪಂಕಜಾಕ್ಷನ್ ಸ್ಟೂಲನ್ನೇ ಆರಿಸಿಕೊಂಡ. ಆದರೆ ಮಂಡಿಯ ಸಂಗತಿ ಊರಿಗೇಕೆ? ಮರುದಿನ ಗಂಭೀರವಾಗಿ ಘೋಷಿಸಿದ: "ಪಣಿಶಾಲೆಗೆ ಸ್ಟೂಲ್ ಬೇಕು. ಪಾಪ, ಗಿರಾಕಿಗಳು ನಿಂತು ನಿಂತು ಸುಸ್ತಾಗ್ತಾರೆ."

"ನಾಲ್ಕು ಕಾಲು, ಒಂದು ಹಲಗೆ. ಊಟದ ಹೊತ್ತಿಗೆ ಮುಗಿಸ್ತೀನಿ, ಚೇಟ್ಟಾ," ಎಂದ ಜೊತೆಗೆಲಸದ ಸುಧರ್ಮನ್.

"ಲೆಕ್ಕ ಹಾಕದೆ ಗರಗಸ ಮುಟ್ಟಿದ್ರೆ ಕೈ ಮುರೀತೀನಿ!"

ಮನೆ ಕಟ್ಟುವಾಗ ತೆಗೆಯುವ ಅಳತೆಗೋಲು ಸ್ಟೂಲಿಗಾಗಿ ಹೊರಬಂತು. ಸುತ್ತಳತೆಯನ್ನು ಗುಣಿಸಿ, ಭಾಗಿಸಿ, ಶೇಷ ಹಿಡಿದು, ವಾಸ್ತುಶಾಸ್ತ್ರದಲ್ಲಿ ಎಲ್ಲಕ್ಕಿಂತ ಶ್ರೇಷ್ಠವೆಂದಿರುವ ಅಳತೆಯನ್ನೇ ಪಂಕಜಾಕ್ಷನ್ ಹೆಕ್ಕಿದ. ಹಲಸಿನ ಮರದಲ್ಲಿ ಸ್ಟೂಲು ಎದ್ದು ನಿಂತಿತು. ಅಂಚಿಗೊಂದು ಪದ್ಮದ ಸಾಲೂ ಬಂತು, ಕೈ ತಡೆಯಲಿಲ್ಲವಂತೆ.

ಅಷ್ಟರಲ್ಲಿ ದೇವಸ್ಥಾನದ ಸಮಿತಿಯ ಅಚ್ಯುತ ವಾರಿಯರ್ ಬಾಗಿಲಿನ ಕೆಲಸ ಹೇಳಲು ಬಂದರು. ಸ್ಟೂಲು ಕಂಡು ಅದರ ಅಳತೆ ಕೇಳಿದರು. ಕೇಳಿದವರೇ ಕೈ ಮುಗಿದರು.

"ಮೂತ್ತಾಶಾರಿ, ಇದು ದೇವರ ಪೀಠದ ಅಳತೆಯಲ್ವಾ! ಇದರ ಮೇಲೆ ಮನುಷ್ಯರು ಕುಂಡೆ ಊರೋದಾ?"

"ಶಿವ ಶಿವಾ, ಎಲ್ಲಾದರೂ ಉಂಟೇ," ಎಂದ ಪಂಕಜಾಕ್ಷನ್, ಕೂರಲು ಬಗ್ಗಿಸಿದ್ದ ಸೊಂಟವನ್ನು ನೆಟ್ಟಗೆ ಮಾಡಿಕೊಳ್ಳುತ್ತ. ಸ್ಟೂಲು ದೇವಸ್ಥಾನಕ್ಕೆ ಹೋಗಿ ದೀಪವನ್ನು ಹೊತ್ತು ನಿಂತಿತು.

ಅದೇ ಶ್ರೇಷ್ಠ ಅಳತೆಯಲ್ಲಿ ಮಾಡಿದ ಎರಡನೆಯದನ್ನು ಊರಿನ ದೊಡ್ಡಮನೆಯ ಅಮ್ಮ ಪೂಜೆಕೋಣೆಗೆ ಒಯ್ದರು. ಹೊಗಳಿಕೆಗೆ ಆಶಾರಿಯ ಎದೆ ಉಬ್ಬಿತು. ಮಂಡಿಯೂ ಉಬ್ಬಿತು.

"ಚೇಟ್ಟಾ, ನಿಮ್ಮ ಪುಣ್ಯ, ಒಂದು ಕೆಟ್ಟ ಅಳತೆ ಹಿಡೀರಿ. ಯಾರೂ ಕೇಳಲ್ಲ," ಎಂದು ಸುಧರ್ಮನ್ ಗೋಗರೆದ.

"ನನ್ನ ಕೈಯಿಂದ ಕೆಟ್ಟ ಅಳತೆ? ಅದಕ್ಕಿಂತ ನೆಲವೇ ವಾಸಿ," ಎಂದು ಪಂಕಜಾಕ್ಷನ್ ನೆಲದ ಮೇಲೆ ಕೂತ. ಊಟದ ಹೊತ್ತಿಗೆ ಏಳಲಾಗಲಿಲ್ಲ.

ಬುತ್ತಿ ತಂದ ತಂಗಮಣಿ ನೋಡಿದ್ದು ಇದನ್ನೇ: ಕಂಬ ತಬ್ಬಿಕೊಂಡ ಗಂಡ, ಅವನ ಕಂಕುಳಿಗೆ ಕೈಕೊಟ್ಟ ಸುಧರ್ಮನ್.

"ಯಾರಿಗೆ ನಮಸ್ಕಾರ ಮಾಡ್ತಿದೀರಿ? ಕಂಬಕ್ಕಾ?"

ಉತ್ತರಕ್ಕೆ ಕಾಯದೆ ಅವಳು ಬೀದಿಗಿಳಿದಳು. ಹಣ್ಣಿನಂಗಡಿಯ ಆಚೆ ಎಸೆದಿದ್ದ ಸೇಬಿನ ಪೆಟ್ಟಿಗೆಯನ್ನು ಎಳೆದು ತಂದಳು, ಅದರ ಮೊಳೆಗಳನ್ನೇ ಕಿತ್ತು, ಗಂಡನ ಸುತ್ತಿಗೆಯಿಂದ ಅದರ ಹಲಗೆಗಳಿಗೇ ಮತ್ತೆ ಬಡಿದು ಒಂದು ಸ್ಟೂಲು ನಿಲ್ಲಿಸಿದಳು.

"ತಂಗಂ, ಮೊಳೆ! ಅಪ್ಪನ ಪಣಿಶಾಲೆ ಕಣೇ ಇದು!"

"ನಿಮ್ಮಪ್ಪ ಕೂರಲ್ಲ ಬಿಡಿ. ನೀವು ಕೂರ್ತೀರೋ, ಮನೆಗೆ ಬಂದು ಕಾಯಿ ತುರೀತೀರೋ?"

ಪಂಕಜಾಕ್ಷನ್ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದ, ಹೆಂಡತಿಯ ಮುಖ ನೋಡಿದ. ಹೆದರಬೇಕಾದ್ದು ಯಾರಿಗೆಂದು ಲೆಕ್ಕ ಹಾಕಲು ಅಳತೆಗೋಲು ಬೇಕಾಗಲಿಲ್ಲ. ಕೂತ. ಸ್ಟೂಲು ಕಿರ್ರೆಂದಿತು. ಮಂಡಿ ಮಾತ್ರ ಎಷ್ಟೋ ತಿಂಗಳ ಮೇಲೆ ಸುಮ್ಮನಾಯಿತು.

ಸಂಜೆ ವಾರಿಯರ್ ಬಾಗಿಲಿನ ವಿಚಾರಕ್ಕೆ ಮತ್ತೆ ಬಂದರು. ಪಂಕಜಾಕ್ಷನ್ ಹೆಗಲ ಮೇಲಿನ ತೋರ್ತು ಬಟ್ಟೆಯನ್ನು ಸರಕ್ಕನೆ ಎಳೆದು ಮೊಳೆಗಳ ಮೇಲೆ ಇಳಿಬಿಟ್ಟ.

"ಹೊಸ ಸ್ಟೂಲಾ, ಮೂತ್ತಾಶಾರಿ? ಇದರ ಅಳತೆ ಯಾವುದು?"

"ಇದಾ? ಗಿರಾಕಿಗಳಿಗೆ ಅಂತ ಮಾಡಿಸಿದ್ದು," ಎಂದ ಪಂಕಜಾಕ್ಷನ್, ಇನ್ನಷ್ಟು ಗಟ್ಟಿಯಾಗಿ ಊರಿ ಕೂರುತ್ತ.

ವಾರಿಯರ್ ಎಂದಿನಂತೆ ನಿಂತೇ ಮಾತಾಡಿದರು.