ಸದ್ದು ನಿಂತ ಹುಳುಮನೆ

ರೇಷ್ಮೆಹುಳು ಸೊಪ್ಪು ಮೇಯುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ಹಾಗನ್ನುವವರು ಯಾರೂ ಹುಳುಮನೆಯ ಪಕ್ಕದಲ್ಲಿ ಮಲಗಿಲ್ಲ ಅಂತ ಕಾಣುತ್ತದೆ. ನನಗದು ಯಾರೋ ಗೋಡೆಯಾಚೆ ತರಗೆಲೆ ತುಳಿಯುತ್ತ ಓಡಾಡಿದಂತೆ ಕೇಳುತ್ತಿತ್ತು. ಅದಕ್ಕೆ ಹೇಗೋ ಒಗ್ಗಿಕೊಂಡೆ. ಒಗ್ಗದೆ ಹೋದದ್ದು ಆ ಸದ್ದು ನಿಂತಾಗಿನ ಮೌನಕ್ಕೆ.

ನನ್ನ ಅತ್ತೆಮನೆ ದಿಬ್ಬೂರಹಳ್ಳಿಯ ಹತ್ತಿರ. ನಮ್ಮ ಕಡೆಯೆಲ್ಲ ಇನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ದಿನಗಳವು. ಹುಳು ಬೆಳೆಯುವಾಗ ನಡುನಡುವೆ ಪೊರೆ ಬಿಡುತ್ತದೆ. ಅದನ್ನು ಜ್ವರಕ್ಕೆ ಕೂರುವುದು ಅನ್ನುತ್ತೇವೆ. ಆಗ ಅವು ಸೊಪ್ಪು ಮುಟ್ಟುವುದಿಲ್ಲ, ಅಲುಗುವುದಿಲ್ಲ, ತಲೆ ಎತ್ತಿಕೊಂಡು ಹಾಗೇ ಇದ್ದುಬಿಡುತ್ತವೆ. ಆ ಹೊತ್ತಿನಲ್ಲಿ ಹೆಂಗಸರು ಹುಳುಮನೆಗೆ ಕಾಲಿಡಬಾರದು ಅನ್ನುವುದು ನಮ್ಮ ಮನೆಯ ಕಟ್ಟಳೆ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಚಿಲಕ ಹಾಕುತ್ತಿದ್ದರು. ಸುಣ್ಣದ ಪುಡಿ ಉದುರಿಸುವುದು, ಹುಳು ಎದ್ದವೋ ಇಲ್ಲವೋ ನೋಡುವುದು, ಎಲ್ಲ ಮಾವನ ಕೆಲಸ. ನಾನು ಗೌರಿಬಿದನೂರಿನಲ್ಲಿ ಅಂಗಡಿಯವರ ಮಗಳಾಗಿ ಬೆಳೆದವಳು. ರೇಷ್ಮೆ ಅಂದರೆ ನನಗೆ ಸೀರೆ, ಹುಳುವಲ್ಲ. ಹೇಳಿದ್ದನ್ನೆಲ್ಲ ನಂಬಿದೆ.

ಮಾವ ಚಿಂತಾಮಣಿಗೆ ಹೋಗಿದ್ದ ಒಂದು ಮಧ್ಯಾಹ್ನ ಹುಳುಮನೆಯೊಳಗೆ ಏನೋ ಸರಿದಾಡಿದಂತಾಯಿತು. ಇಲಿ ಹೊಕ್ಕರೆ ಹುಳುವಿನ ಗತಿ ಮುಗಿಯಿತು. ಅತ್ತೆ ತೋಟದಲ್ಲಿದ್ದರು. ನಾನೇ ಚಿಲಕ ತೆಗೆದೆ.

ಇಲಿ ಇರಲಿಲ್ಲ. ಅರೆಗತ್ತಲಲ್ಲಿ ತಟ್ಟೆಯ ಮೇಲೆ ತಟ್ಟೆ, ಅವುಗಳ ತುಂಬ ಹುಳು, ಎಲ್ಲವೂ ತಲೆ ಎತ್ತಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದವು. ನಾನೂ ಕಿವಿಗೊಟ್ಟೆ. ಆಚೆಯಿಂದ ಯಾರೋ ಗೋಡೆ ಗುದ್ದುತ್ತಿದ್ದರು. ಒಂದೇ ಸಮನೆ, ಹತ್ತಿರ ಹತ್ತಿರ ಬರುತ್ತ. ಅದು ನನ್ನ ಎದೆಯ ಸದ್ದು ಅಂತ ತಿಳಿಯುವಷ್ಟರಲ್ಲಿ ಎಡಗೈ ಜೋಮು ಹಿಡಿದಿತ್ತು, ಉಸಿರು ಗಂಟಲಲ್ಲೇ ನಿಂತಿತ್ತು. ಕೈಯನ್ನು ನೋಡಿದರೆ ಬೇರೆ ಯಾರದೋ ಕೈ. ಸತ್ತೆ ಅಂದುಕೊಂಡು ಓಡಿಬಂದು ಅಂಗಳದಲ್ಲಿ ಬಿದ್ದೆ.

ತೋಟದಿಂದ ಬಂದ ಅತ್ತೆ ನನ್ನ ಮುಖ ನೋಡಲಿಲ್ಲ, ತೆರೆದ ಬಾಗಿಲು ನೋಡಿದರು. "ಒಳಕ್ಕೋಗಿದ್ದೇನೇ? ಅಯ್ಯೋ ದೇವುಡಾ!"

ಆಮೇಲೆ ಎಲ್ಲಿ ಸದ್ದು ನಿಂತರೂ ಅದು ಬರತೊಡಗಿತು. ಶಿಡ್ಲಘಟ್ಟದ ಸ್ಟ್ಯಾಂಡಿನಲ್ಲಿ ಬಸ್ಸಿನ ಇಂಜಿನ್ ಆರಿದರೆ ಬಂತು. ಕರೆಂಟು ಹೋಗಿ ಫ್ಯಾನು ನಿಂತರೆ ಬಂತು. ಕಟ್ಟಳೆ ಮೀರಿದ್ದಕ್ಕೆ ಗಾಳಿ ಸೋಕಿದೆ ಅಂತ ಮನೆಯವರೆಲ್ಲ ತೀರ್ಮಾನಿಸಿದರು. ನಾನೂ ಹಾಗೇ ನಂಬಿದೆ. ಆ ಸಲದ ಬೆಳೆ ಚೆನ್ನಾಗೇ ಬಂತು, ಆದರೆ ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ತಾಯತ ಕಟ್ಟಿಸಿದರು. ಚಿಕ್ಕಬಳ್ಳಾಪುರದ ಡಾಕ್ಟರು ಇಸಿಜಿ ತೆಗೆದು "ಏನೂ ಇಲ್ಲ" ಅಂದರು. ಏನಾದರೂ ಇದೆ ಅಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

"ಮುಂದಿನ್ ಬೆಳೆ ಹೊತ್ಗೆ ಸರೋಗ್ಲಿಲ್ಲಾಂದ್ರೆ ತವರಿಗೆ ಬಿಟ್ಬರಣ" ಅಂತ ಮಾವ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. ಹಾಗೆ ಬಿಟ್ಟುಬಂದ ಸೊಸೆಯರನ್ನು ಯಾರೂ ತಿರುಗಿ ಕರೆಸಿಕೊಂಡದ್ದು ನಾನು ಕಂಡಿರಲಿಲ್ಲ. ಗಂಡನೂ ಎದುರು ಮಾತಾಡಲಿಲ್ಲ. ಆದರೆ ಅದೇ ಡಾಕ್ಟರು ಸೂಚಿಸಿದ್ದ ಆಪ್ತಸಲಹೆಗಾರ್ತಿಯ ಹತ್ತಿರ ನನ್ನನ್ನು ಸದ್ದಿಲ್ಲದೆ ಕರೆದುಕೊಂಡು ಹೋದ. ಅಷ್ಟು ಮಾಡಿದನಲ್ಲ, ಪುಣ್ಯಾತ್ಮ.

ಹುಚ್ಚರನ್ನು ನೋಡುವವರು ಅಂದುಕೊಂಡು ಹೋಗಿದ್ದೆ. ಆಕೆ ಸುಮ್ಮನೆ ಕೇಳಿಸಿಕೊಂಡರು. ಗೋಡೆ ಗುದ್ದುವ ಸದ್ದಿನ ಬಗ್ಗೆ ನಾನು ಗಂಡನಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದೆ.

"ನಿಮಗೆ ಹುಚ್ಚಲ್ಲ. ಇದಕ್ಕೆ ಆತಂಕದ ಕಾಯಿಲೆ ಅಂತಾರೆ" ಅಂದರು. "ಹೆದರಿದಾಗ ಮೈ ಓಡೋಕೆ ತಯಾರಾಗುತ್ತೆ, ಅದಕ್ಕೇ ಎದೆ ಹೊಡ್ಕೊಳ್ಳುತ್ತೆ. ನೀವು ಆ ಸದ್ದಿಗೇ ಹೆದರ್ತೀರ, ಅದು ಇನ್ನೂ ಜೋರಾಗುತ್ತೆ. ಬಂದಾಗೆಲ್ಲ ಏನ್ ಮಾಡ್ತೀರ?"

"ಓಡ್ತೀನಿ ಮೇಡಂ."

"ಓಡದೇ ಇದ್ರೆ ಏನಾಗುತ್ತೆ ಅಂತ ಒಂದ್ಸಲಾನಾದ್ರೂ ನೋಡಿದೀರಾ?"

ಮತ್ತೆ ಮತ್ತೆ ಹೋದೆ. ಒಂದು ದಿನ ನನ್ನನ್ನು ಕೇಳಿಯೇ ಅವರು ಫ್ಯಾನು ಆರಿಸಿದರು. ಗೋಡೆ ಗುದ್ದಲು ಶುರುವಾಯಿತು. ಅವರ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು. ಕುರ್ಚಿ ಹಿಡಿದು ಕೂತೇ ಇದ್ದೆ. ಅದು ಏರಿತು, ಇನ್ನೂ ಏರಿತು, ಆಮೇಲೆ ತಾನೇ ಇಳಿಯಿತು. ನಿಂತ ಬಸ್ಸಿನಲ್ಲೂ ಹಾಗೇ ಕೂತು ಅಭ್ಯಾಸ ಮಾಡಿಕೊಂಡೆ. ಉಳಿದದ್ದು ಹುಳುಮನೆ ಒಂದೇ.

ಮುಂದಿನ ಬೆಳೆ ಜ್ವರಕ್ಕೆ ಕೂತಿತು. ಬಾಗಿಲಿಗೆ ಬೇವು ಬಂತು. ಪಕ್ಕದ ಮನೆಯಾಕೆ ಕೈತುಂಬ ಸುಣ್ಣದ ಪುಡಿ ಮಾಡಿಕೊಂಡು ತಮ್ಮ ಹುಳುಮನೆಯಿಂದ ಹೊರಗೆ ಬಂದದ್ದು ಕಂಡು, ನಿಮಗೆ ಕಟ್ಟಳೆ ಇಲ್ಲವೇ ಅಂತ ಕೇಳಿದೆ. "ಯಾವ ಕಟ್ಳೇನಮ್ಮ? ಈ ಊರಾಗೆಲ್ಲ ಹೆಂಗಸ್ರೇ ಅಲ್ವಾ ಸುಣ್ಣ ಹಾಕೋದು? ನಿಮ್ಮತ್ತೇದೊಂದೇ ಇದು" ಅಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಸೀದಾ ಬಂದು ಬೇವು ಕಿತ್ತೆಸೆದು ಒಳಗೆ ಹೋಗಿ, ಬೆಂಚು ಎಳೆದುಕೊಂಡು ಕೂತೆ.

ಹುಳುಗಳು ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದವು. ಗೋಡೆ ಗುದ್ದತೊಡಗಿತು. ಕೈ ಮತ್ತೆ ಬೇರೆ ಯಾರದೋ ಆಯಿತು. ಬಾಗಿಲು ತೆರೆದೇ ಇತ್ತು. ನಾನು ಅದರ ಕಡೆ ನೋಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಎದೆ ತಣ್ಣಗಾಯಿತು, ಕೈ ನನ್ನದಾಯಿತು. ಆದರೂ ಯಾರೋ ಏದುಸಿರು ಬಿಡುವುದು ಕೇಳಿಸುತ್ತಿತ್ತು. ಈ ಸಲ ಅದು ನನ್ನದಲ್ಲ.

ತಿರುಗಿ ನೋಡಿದೆ. ಹೊಸ್ತಿಲಾಚೆ ಅತ್ತೆ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಅವರ ಹಣೆ ಬೆವೆತಿತ್ತು. ಬಲಗೈಯಿಂದ ಎಡಗೈಯನ್ನು ಉಜ್ಜಿಕೊಳ್ಳುತ್ತಲೇ ಇದ್ದರು.

"ನಿಂಗೂವೆ," ಅಂದರು ಮೆಲ್ಲಗೆ, "ಗೋಡೆ ಗುದ್ದಂಗೆ ಕೇಳ್ಸುತ್ತೇನಮ್ಮ?"

ಬೆಂಚಿನ ತುದಿಗೆ ಸರಿದು ಅವರಿಗೆ ಜಾಗ ಮಾಡಿದೆ.

"ಬನ್ನಿ ಅತ್ತೆ, ಕೂತ್ಕೊಳ್ಳಿ. ಎಷ್ಟು ದಿನದಿಂದ?"

"ಈ ಮನೆಗೆ ಬಂದಾಗ್ನಿಂದ್ಲೂ ಕಣಮ್ಮ" ಅಂದರು. ಒಂದು ಕಾಲು ಹೊಸ್ತಿಲ ಮೇಲಿಟ್ಟು ಅಲ್ಲೇ ನಿಂತರು. "ನೀವಿಬ್ರೂ ಕದ್ದೋಗ್ಬರ್ತೀರಲ್ಲ, ಆವಮ್ಮ... ನನ್ನಂಥ ಮುದುಕೀರ್ನೂ ನೋಡ್ತಾರಾ?"