ಮೊದಲ ಸಲಕ್ಕೇ ಹೂಂ ಅನ್ನುವ ವಿದ್ಯೆ

ನಮ್ಮ ಕಡೆ ಊಟಕ್ಕೆ ಕೂತವರಿಗೆ ಇನ್ನೊಂದು ಹೋಳಿಗೆ ಬೇಕೋ ಬೇಡವೋ ತಿಳಿಯಬೇಕಾದರೆ ಅವರ ಬಾಯಿ ನೋಡಬಾರದು, ಕೈ ನೋಡಬೇಕು. ಬಾಯಿ "ಬ್ಯಾಡ, ಬ್ಯಾಡ, ಸಾಕು" ಎನ್ನುತ್ತಿರುತ್ತದೆ. ಕೈಯೂ ಎಲೆಯ ಮೇಲೆ ಅಡ್ಡ ಬಂದಿರುತ್ತದೆ. ಆದರೆ ಬೆರಳುಗಳ ನಡುವೆ ಒಂದು ಹೋಳಿಗೆ ಜಾರುವಷ್ಟು ಸಂದಿ ಇರುತ್ತದೆ. ಬಡಿಸುವವಳು ಜಾಣೆಯಾದರೆ ಆ ಸಂದಿಯಲ್ಲೇ ತೂರಿಸಿ ಮುಂದೆ ಹೋಗುತ್ತಾಳೆ. ಬೆರಳೆಲ್ಲ ಕೂಡಿಸಿ ಗಟ್ಟಿಯಾಗಿ ಮುಚ್ಚಿದ್ದರೆ ಮಾತ್ರ ನಿಜವಾಗಿ ಸಾಕು ಎಂದರ್ಥ. ಇದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ನಾನು ಶಾಲೆಯಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಉಳಿದದ್ದೆಲ್ಲ ಊಟದ ಪಂಕ್ತಿಯಲ್ಲಿ ಕಲಿತದ್ದು.

ಈ ವಿದ್ಯೆಯನ್ನು ನನ್ನ ಮೊಮ್ಮಗಳು ಸಿಂಚನಾಗೆ ಧಾರೆ ಎರೆದವಳು ನಾನೇ. ಅಂಗಿಯ ಗುಂಡಿ ಹಾಕಿಕೊಳ್ಳುವುದು ಬರುವ ಮೊದಲೇ ಅವಳಿಗೆ "ಬ್ಯಾಡ" ಅನ್ನುವುದು ಬಂದಿತ್ತು. ಯಾರ ಮನೆಗೆ ಹೋದರೂ ತಿಂಡಿಯ ತಟ್ಟೆ ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದಳು. ಮೊದಲ ಸಲ ಕೇಳಿದರೆ ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೆ "ಈಗಷ್ಟೇ ಊಟ ಆತು" ಅನ್ನಬೇಕು. ಮೂರನೇ ಸಲ ಕೇಳಿದರೆ, ಪಾಪ ಇಷ್ಟು ಹೇಳುತ್ತಾರಲ್ಲ ಎಂದು ಅವರ ಸಮಾಧಾನಕ್ಕಾಗಿ ತಿನ್ನಬೇಕು. ಕೇಳಿದ ಕೂಡಲೇ ಕೈ ಚಾಚಿದರೆ, ಈ ಮಗು ಮನೆಯಲ್ಲಿ ಏನೂ ಕಂಡಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಸಿಂಚನಾ ಒಂದು ಸಲವೂ ನನ್ನ ಮರ್ಯಾದೆ ಕಳೆಯಲಿಲ್ಲ. ಈ ಪಾಠ ಅವಳ ಕಾಲಿಗೆ ತೊಡರಿದ್ದು ಹಾಂಗ್‌ಕಾಂಗಿನಲ್ಲಿ.

ಹೌದು, ಹಾಂಗ್‌ಕಾಂಗ್. ಈ ಹೆಸರನ್ನು ನಾನು ಸೊಪ್ಪು ಮಾರುವವಳಿಗೆ ಹೇಳಿದ್ದೇನೆ, ಗ್ಯಾಸ್ ಸಿಲಿಂಡರು ತರುವವನಿಗೆ ಹೇಳಿದ್ದೇನೆ, ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿ ಎಂದಾಗ ಅದನ್ನು ಬಿಟ್ಟು ಅವರಿಗೂ ಹೇಳಿದ್ದೇನೆ. ನಿಮಗೆ ಹೇಳದೆ ಬಿಡುತ್ತೇನೆಯೇ? ನನ್ನ ಮಗ ಮಹೇಶನದು ದಾವಣಗೆರೆ ಪೇಟೆಯಲ್ಲಿ ದಾರ, ಗುಂಡಿ, ಲೇಸು ಮಾರುವ ಅಂಗಡಿ. ಅವನ ಒಬ್ಬಳೇ ಮಗಳು ಇಲ್ಲೇ ಕಾಲೇಜಿನಲ್ಲಿ ಬಟ್ಟೆಯ ವಿಷಯ ಓದಿದಳು. ಹಿಂದೆ ನಮ್ಮೂರಲ್ಲಿ ಬಟ್ಟೆ ಗಿರಣಿಗಳಿದ್ದವು; ಗಿರಣಿಯ ಕೂಗು ಕೇಳಿಯೇ ನಾವು ಒಲೆಯಿಂದ ಅನ್ನ ಇಳಿಸುತ್ತಿದ್ದೆವು. ಗಿರಣಿಗಳು ನಿಂತವು, ಬಟ್ಟೆಯ ಓದು ಮಾತ್ರ ಉಳಿಯಿತು. ಆ ಓದು ಇವಳನ್ನು ಆರು ತಿಂಗಳ ಇಂಟರ್ನ್‌ಶಿಪ್ಪಿಗೆ ಸಮುದ್ರದಾಚೆ ಒಯ್ದಿತು. ಇಂಟರ್ನ್‌ಶಿಪ್ ಎಂದರೆ ಬಹಳ ದೊಡ್ಡದೇನಲ್ಲ. ಟೈಲರ್ ಹತ್ತಿರ ಹೊಸಬರು ಮೊದಲು ಗುಂಡಿಗೆ ಕಾಜ ಮಾಡುತ್ತಾ, ಹುಕ್ಕು ಹಚ್ಚುತ್ತಾ ಕೂತಿರುತ್ತಾರಲ್ಲ, ಅದೇ. ವಿಮಾನದಲ್ಲಿ ಹೋಗಿ ಕೂತರೆ ಅದಕ್ಕೆ ಇಂಗ್ಲಿಷ್ ಹೆಸರು ಬರುತ್ತದೆ.

ಆ ಊರನ್ನು ನಾನೂ ನೋಡಿದ್ದೇನೆ, ಫೋನಿನಲ್ಲಿ. ನಾವಿಲ್ಲಿ ಸಂಜೆಯ ದೀಪ ಹಚ್ಚುವಾಗ ಅಲ್ಲಿ ಅವಳದು ಊಟವೇ ಮುಗಿದಿರುತ್ತದೆ. ಕಿಟಕಿಯ ಹೊರಗೆ ಫೋನು ಹಿಡಿದು ತೋರಿಸುತ್ತಾಳೆ. ಮನೆಯ ಮೇಲೆ ಮನೆ, ಅದರ ಮೇಲೆ ಮನೆ, ಆಕಾಶಕ್ಕೆ ಸ್ವಲ್ಪವೂ ಜಾಗ ಬಿಟ್ಟಿಲ್ಲ. ಎರಡು ಅಂತಸ್ತಿನ ಟ್ರಾಮು. ಗುಡ್ಡ ಹತ್ತಲು ರಸ್ತೆಯ ಪಕ್ಕದಲ್ಲೇ ಓಡುವ ಮೆಟ್ಟಿಲು. ಜನ ಆ ಓಡುವ ಮೆಟ್ಟಿಲ ಮೇಲೂ ನಿಲ್ಲದೆ ನಡೆಯುತ್ತಾರೆ. ಅದನ್ನು ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಓಡುವ ಮೆಟ್ಟಿಲ ಮೇಲೂ ನಡೆಯುವ ಜನ ಒಂದೇ ಮಾತನ್ನು ಮೂರು ಸಲ ಎಲ್ಲಿ ಕೇಳುತ್ತಾರೆ?

ಅವಳ ಕಚೇರಿಯವರು ನಾನಾ ದೇಶದ ಬಟ್ಟೆ ತರಿಸಿ, ಅಂಗಿ ಹೊಲಿಸುವ ದೊಡ್ಡ ಕಂಪನಿಗಳಿಗೆ ತೋರಿಸುತ್ತಾರೆ. ಸಿಂಚನಾ ಆ ಬಟ್ಟೆಗಳನ್ನು ಒಗೆದು, ಒಣಗಿಸಿ, ಎಷ್ಟು ಕುಗ್ಗಿತು, ಬಣ್ಣ ಬಿಟ್ಟಿತೋ ಇಲ್ಲವೋ ನೋಡಬೇಕು. ಇದನ್ನು ಕೇಳಿ ಹರಿಹರದ ನಮ್ಮ ಬೀಗತಿ ಪಾರ್ವತಮ್ಮ, ಎಂದರೆ ನನ್ನ ಸೊಸೆಯ ತಾಯಿ, "ಬಟ್ಟಿ ಒಗ್ಯಾಕ ಅಷ್ಟು ದೂರ ಹೋಗ್ಬೇಕಿತ್ತಾ ಅಕ್ಕಾ? ನಮ್ಮ ತುಂಗಭದ್ರೆ ಇರ್ಲಿಲ್ಲೇನು?" ಎಂದರು. ಅವರಿಗೂ ಅವಳು ಮೊಮ್ಮಗಳೇ. ಆದರೂ ಹೆಮ್ಮೆಯನ್ನು ನಾನೊಬ್ಬಳೇ ಹೊತ್ತು ತಿರುಗುತ್ತಿದ್ದೇನೆಂದು ಸ್ವಲ್ಪ ಉರಿ.

ಹೋದ ಹೊಸತರಲ್ಲಿ ಒಂದು ಸಂಜೆ ಸಿಂಚನಾ ಫೋನು ಮಾಡಿದಳು. ಮುಖ ಊದಿತ್ತು. ಬಟ್ಟೆ ಕೊಳ್ಳುವವರು ಬರುವವರಿದ್ದರಂತೆ. ಅವಳ ಮೇಲಿನ ಮೇಡಂ ಬಂದು, "ಈ ಬಟ್ಟೆಗಳ ಬಗ್ಗೆ ಅವರಿಗೆ ನೀನು ವಿವರಿಸುತ್ತೀಯಾ?" ಎಂದು ಕೇಳಿದರಂತೆ. ಹುಡುಗಿಗೆ ಒಳಗೊಳಗೇ ಕುಣಿಯುವಷ್ಟು ಆಸೆ. ಬಾಯಿ ಮಾತ್ರ, "ಬೇಡ ಮೇಡಂ, ಬೇರೆಯವರು ಹೇಳಲಿ" ಎಂದಿತು. ಮೇಡಂ ಸರಿ ಎಂದು ಪಕ್ಕದ ಮೇಜಿನಲ್ಲಿದ್ದ, ಮನಿಲಾ ಊರಿಂದ ಬಂದ ಹುಡುಗಿಯನ್ನು ಕೇಳಿದರು. ಅವಳು ಹೂಂ ಎಂದಳು. ಮುಗಿಯಿತು.

"ನಾನು ಅಲ್ಲೇ ನಿಂತಿದ್ದೆ ಅಜ್ಜಿ. ಇನ್ನೊಂದ್ ಸಲ ಕೇಳ್ತಾರೆ ಅಂತ."

"ಕೇಳ್ಲಿಲ್ಲೇನು?"

"ತಿರುಗೀನೂ ನೋಡ್ಲಿಲ್ಲ."

"ಎಂಥ ಹೆಂಗಸು ಅದು? ತಡಿ, ನಾಳೆ ಕೇಳ್ತಾಳೆ" ಎಂದೆ. ನಾಳೆಯೂ ಕೇಳಲಿಲ್ಲ. ಮುಂದಿನ ಸಲ ಕೊಳ್ಳುವವರು ಬಂದಾಗ ಮೇಡಂ ನೇರವಾಗಿ ಮನಿಲಾ ಹುಡುಗಿಯ ಹತ್ತಿರವೇ ಹೋದರು. ಸಿಂಚನಾಳಿಗೆ ಇದರಲ್ಲಿ ಆಸಕ್ತಿಯಿಲ್ಲ, ಒಗೆಯುವುದೇ ಇಷ್ಟ ಎಂದು ಅವರು ತಿಳಿದುಕೊಂಡಿದ್ದರು. ಬೇಡ ಎಂದವಳನ್ನು ಒತ್ತಾಯ ಮಾಡಬಾರದು ಎನ್ನುವುದು ಆ ಕಡೆಯ ಮರ್ಯಾದೆ. ಮರ್ಯಾದೆಗೆ ಮರ್ಯಾದೆ ಎದುರಾಗಿ ನಮ್ಮ ಹುಡುಗಿ ನಡುವೆ ಸಿಕ್ಕಿಕೊಂಡಿದ್ದಳು. ಹೀಗೇ ಆದರೆ ಒಗೆದ ಬಟ್ಟೆ ಹಿಂಡುತ್ತಲೇ ಆರು ತಿಂಗಳು ಕಳೆದು, ಬಾಯಿ ತೆರೆಯದೆ ವಾಪಸು ಬರುತ್ತಾಳಲ್ಲ ಎಂದು ನನಗೆ ಚಿಂತೆ ಹತ್ತಿತು.

ನಾನು ಕೂತು ಯೋಚಿಸಿದೆ. ಹರಿಹರದ ದೇವರನ್ನೇ ನೋಡಿ. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ. ನೈವೇದ್ಯ ಬಂದಾಗ ಹರಿ "ಮೊದಲು ನೀವು" ಎಂದು, ಹರ "ಛೇ, ಮೊದಲು ನೀವು" ಎಂದು ಉಪಚಾರಕ್ಕೆ ಕೂತಿದ್ದರೆ ಅನ್ನ ತಣ್ಣಗಾಗಿ, ಸಾಲಿನಲ್ಲಿ ನಿಂತ ಭಕ್ತರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಅವರಿಬ್ಬರಿಗೆ ಬಾಯಿ ಒಂದೇ ಆದ್ದರಿಂದ ಕೆಲಸ ಸಲೀಸು. ನಮ್ಮಂಥವರಿಗೆ ಬಾಯಿ ಒಂದಿದ್ದರೂ ಒಳಗೆ ಇಬ್ಬರು. ಒಬ್ಬಳು ಬೇಕು ಎನ್ನುತ್ತಾಳೆ, ಇನ್ನೊಬ್ಬಳು ಬೇಡ ಎನ್ನುತ್ತಾಳೆ. ಮಾತಾಡಲು ಬಿಡುವುದು ಎರಡನೆಯವಳನ್ನು ಮಾತ್ರ.

ಅವತ್ತಿನಿಂದ ಫೋನಿನಲ್ಲೇ ಪಾಠ ಶುರುವಾಯಿತು. ಈ ಸಲ ಉಲ್ಟಾ ಪಾಠ.

"ಸಿಂಚನಾ, ಹೋಳಿಗೆ ಬೇಕೇನವ್ವಾ?"

"ಬ್ಯಾಡ ಅಜ್ಜಿ, ಈಗಷ್ಟೇ..."

"ನೋಡು, ಮತ್ತ ಅದನ್ನೇ ಅಂದಿ. ಬೇಕು ಅನ್ನು."

"ಬೇಕು. ಆದ್ರೆ ಅರ್ಧ ಸಾಕು."

"ಅರ್ಧ ಯಾಕ? ನಿನ್ನ ಮೇಡಂ ಅರ್ಧ ಕೇಳ್ತಾಳೇನು?"

ಅಡಿಗೆಮನೆಯಿಂದ ನನ್ನ ಸೊಸೆ ಸುಮಾ ನಗುತ್ತಾ, "ಅತ್ತೆ, ಮೊದ್ಲು ನೀವು ಕಲೀರಿ. ಬೆಳಿಗ್ಗೆ ಚಾ ಬೇಕಾ ಅಂದ್ರೆ ಬ್ಯಾಡ ಅಂತೀರಿ, ಆಮೇಲೆ ಲೋಟ ಹಿಡ್ಕೊಂಡು ಬಾಗಿಲಾಗೆ ನಿಂತಿರ್ತೀರಿ" ಎಂದಳು. ಸಿಂಚನಾ ಅದನ್ನೇ ಹಿಡಿದುಕೊಂಡಳು. "ಅಜ್ಜಿ, ನೀನು ಹರಿಹರಕ್ಕೆ ಹೋಗಿ, ಪಾರ್ವತಜ್ಜಿ ಮನೇಲಿ ಮೊದಲನೇ ಸಲಕ್ಕೇ ಹೂಂ ಅಂದು ಬಾ. ಆಮೇಲೆ ನಾನು ಇಲ್ಲಿ ಹೂಂ ಅಂತೀನಿ."

ಬೇರೆ ಯಾರ ಮನೆಯಾದರೂ ಆಗಬಹುದಿತ್ತು. ಆ ಮನೆಯಲ್ಲಿ ನನಗೊಂದು ಹಳೆಯ ಲೆಕ್ಕವಿದೆ. ಮಗನ ಮದುವೆಯಾದ ಹೊಸತರಲ್ಲಿ ಸೊಸೆಯನ್ನು ಕರೆಯಲು ಹೋಗಿದ್ದೆ. ಪಾರ್ವತಮ್ಮ ಶೇಂಗಾ ಹೋಳಿಗೆ ತಂದರು, ಬೇಡ ಎಂದೆ. ಮತ್ತೆ ತಂದರು, ಸಾಕು ಎಂದೆ. ಅಷ್ಟರಲ್ಲಿ ಹಾಲಿನವನು ಕೂಗಿದ್ದಕ್ಕೆ ಹೊರಗೆ ಹೋದವರು ಅಲ್ಲೇ ಮಾತಿಗೆ ನಿಂತುಬಿಟ್ಟರು. ಮೂರನೇ ಸಲ ಬರಲೇ ಇಲ್ಲ. ಬರೀ ಅನ್ನ ಸಾರು ಉಂಡು ಬಸ್ಸು ಹತ್ತಿದೆ. ಅಂದಿನಿಂದ ಅವರು ಜಿಪುಣಿ ಎಂದು ನಾನು, ನನಗೆ ಅವರ ಕೈ ಅಡಿಗೆ ಹಿಡಿಸುವುದಿಲ್ಲ ಎಂದು ಅವರು, ಇಬ್ಬರೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆವು.

ಆದರೂ ಹೊರಟೆ. ಬಸ್ಸು ತುಂಬಿತ್ತು. ಒಬ್ಬ ಹೆಣ್ಣುಮಗಳು ಎದ್ದು, "ಕೂಡ್ರಿ ಅಮ್ಮಾ" ಎಂದಳು. ಎಂದಿನಂತೆ "ಬ್ಯಾಡವ್ವ, ಇಲ್ಲೇ ಇಳಿತೀನಿ" ಎನ್ನಲು ಬಾಯಿ ತೆರೆದೆ. ಹಾಂಗ್‌ಕಾಂಗಿನಲ್ಲಿರುವ ನಮ್ಮ ಹುಡುಗಿ ನೆನಪಾದಳು. ಸುಮ್ಮನೆ ಕೂತೆ. ಮೊಣಕಾಲು ಎರಡೂ ನನಗೆ ಕೈಮುಗಿದವು. ಇಷ್ಟು ವರ್ಷ ಹರಿಹರದವರೆಗೆ ನಿಂತು ಹೋಗಿದ್ದು ಯಾರಿಗೋಸ್ಕರ ಎಂದು ಅವು ಕೇಳುವಂತಿತ್ತು.

ಪಾರ್ವತಮ್ಮ ಎಲೆ ಹಾಕಿದರು. ಹೋಳಿಗೆಯ ಡಬ್ಬಿ ತಂದು, ನಾನು ಏನೆನ್ನುತ್ತೇನೆಂದು ಗೊತ್ತಿದ್ದರಿಂದ ಮುಖ ಆಚೆ ತಿರುಗಿಸಿಕೊಂಡೇ ಕೇಳಿದರು. "ಹೋಳಿಗಿ ಹಾಕ್ಲೇನ್ರಿ ಅಕ್ಕಾ?"

"ಹೂಂ, ಹಾಕ್ರಿ. ಎರಡು ಹಾಕ್ರಿ."

ಕೈ ನಿಂತಿತು. ಮುಖ ಈಚೆ ತಿರುಗಿತು. "ಆರಾಮಿದೀರಿ ಹೌದಿಲ್ಲೋ?" ಎಂದು ಹಣೆ ಮುಟ್ಟಿ ನೋಡಿದರು. ಆರಾಮಿದ್ದೇನೆ ಎಂದು ಎಲ್ಲವನ್ನೂ ಹೇಳಿದೆ, ಮೊಮ್ಮಗಳ ಕಥೆಯನ್ನೂ, ಅಂದಿನ ಹಾಲಿನವನ ಕಥೆಯನ್ನೂ. ಅವರು ಗೋಡೆಗೆ ಒರಗಿ ನಕ್ಕರು. "ಅವತ್ತು ನೀವು ಹೋದ ಮ್ಯಾಲೆ ಹೋಳಿಗಿ ನೋಡ್ಕೊಂಡು ನಾನೂ ಉಣ್ಣಲಿಲ್ಲ ಅಕ್ಕಾ. ಬೀಗರಿಗೆ ಸೇರ್ಲಿಲ್ಲ ಅಂತ" ಎಂದರು. ತಾವೂ ಒಂದು ಎಲೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು. ಆ ಮನೆಯ ಹೋಳಿಗೆ ಇಷ್ಟು ಮೃದು ಎಂದು ನನಗೆ ಅವತ್ತೇ ತಿಳಿದದ್ದು.

ನಾನು ಪಾಸಾದೆ. ಇನ್ನು ಹುಡುಗಿಯ ಸರದಿ. ಆದರೆ ಅಲ್ಲೊಂದು ತೊಡಕಾಯಿತು. ಅವಳು ಹೂಂ ಅನ್ನಲು ತಯಾರಾಗಿ ಕೂತಿದ್ದಳು, ಕೇಳುವವರೇ ಇಲ್ಲ. ಅವಳ ಅವಧಿ ಮುಗಿಯುತ್ತಾ ಬಂತು. ಎಲ್ಲ ಕಂಪನಿಯವರೂ ಒಟ್ಟಿಗೆ ಬರುವ ದೊಡ್ಡ ದಿನ ಹತ್ತಿರವಾಯಿತು. ಅದಕ್ಕೂ ಮೇಡಂ ಮನಿಲಾ ಹುಡುಗಿಯನ್ನೇ ಗೊತ್ತು ಮಾಡಿಟ್ಟಿದ್ದರು. ಕೇಳಿದರೆ ಹೂಂ ಅನ್ನುವುದನ್ನು ನಾನು ಕಲಿಸಿದ್ದೆ, ಕೇಳದಿದ್ದರೆ ಏನನ್ನಬೇಕು ಎಂದು ನನಗೇ ಗೊತ್ತಿರಲಿಲ್ಲ. ನಮ್ಮಲ್ಲಿ ಕರೆಯದ ಮನೆಗೆ ಹೋಗುವ ಪದ್ಧತಿಯೇ ಇಲ್ಲವಲ್ಲ. ನಾನು ಸುಮ್ಮನೆ ದೇವರ ಮುಂದೆ ಎರಡು ಊದುಬತ್ತಿ ಜಾಸ್ತಿ ಹಚ್ಚಿದೆ.

ಅವಳು ತಾನೇ ಎದ್ದು ಹೋಗಿ ಕೇಳಿದಳು. "ಮೇಡಂ, ಈ ಸಲ ಬಟ್ಟೆಗಳ ಬಗ್ಗೆ ನಾನು ಹೇಳುತ್ತೇನೆ." ಮೇಡಂ ಬೇಡ ಎಂದರು, ಎಲ್ಲ ನಿರ್ಧಾರವಾಗಿದೆ ಎಂದರು.

ಆ ಸಂಜೆ ಇದನ್ನು ಹೇಳುವಾಗ ಅವಳು ಅಳುತ್ತಾಳೆಂದು ನಾನು ಸೆರಗು ಹಿಡಿದು ಕೂತಿದ್ದೆ. ಅವಳು ನಗುತ್ತಿದ್ದಳು. "ಅಜ್ಜಿ, ಅದು ಮೊದಲನೇ ಬ್ಯಾಡ ಅಷ್ಟೇ ಅಲ್ವಾ?"

ಮಾರನೇ ದಿನ ಒಗೆದ ತುಂಡುಗಳನ್ನು ಮೇಜಿನ ಮೇಲೆ ಹರಡಿ ಮತ್ತೆ ಕೇಳಿದಳು. ಮೇಡಂ, ಈಗ ಹೊತ್ತಿಲ್ಲ ಎಂದರು. ಅದು "ಈಗಷ್ಟೇ ಊಟ ಆತು" ಎಂಬುದಕ್ಕೆ ಸಮ ಎಂದು ನಮ್ಮ ಹುಡುಗಿ ತಿಳಿದಳು. ಇನ್ನೊಂದು ದಿನ ಹೋಗಿ, "ಎಲ್ಲ ಬೇಡ ಮೇಡಂ, ಎರಡು ಬಟ್ಟೆ ನನಗೆ ಕೊಡಿ, ಉಳಿದದ್ದು ಅವಳು ಹೇಳಲಿ" ಎಂದಳು. ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರಂತೆ. ಇಷ್ಟು ದಿನ ನಿನ್ನೊಳಗಿನ ಇವಳನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಕೇಳಿದರಂತೆ. ಆಮೇಲೆ ಎರಡು ಬಟ್ಟೆ ಕೊಟ್ಟರು.

ನೋಡಿ, ನಾನು ಅಷ್ಟು ದಿನ ಉಣ್ಣುವವರ ಪಂಕ್ತಿಯಲ್ಲೇ ಕೂತು ಯೋಚಿಸಿದ್ದೆ. ಬೇಡ ಎನ್ನುವವರ ಪಾಠ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಅದೇ ಪಾಠದಲ್ಲಿ ಬಡಿಸುವವರ ಭಾಗವೂ ಇತ್ತು. ಒಂದು ಬೇಡಕ್ಕೆ ಡಬ್ಬಿ ಮುಚ್ಚದೆ, ಮೋರೆ ಗಂಟಿಕ್ಕದೆ, ನಗುತ್ತಾ ಇನ್ನೊಂದು ಸುತ್ತು ಬರುವುದು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳು ನೋಡಿ ಕಲಿತಿದ್ದಳು. ಮನಿಲಾ ಹುಡುಗಿಗೆ ಮೊದಲ ಸಲಕ್ಕೇ ಹೂಂ ಅನ್ನಲು ಬರುತ್ತಿತ್ತು, ನಿಜ. ಮೂರು ಸಲ ಹೋಗಿ ಕೇಳಲು ದಾವಣಗೆರೆಯವಳೇ ಆಗಬೇಕಿತ್ತು.

ಆ ದೊಡ್ಡ ದಿನ ಅವಳು ಮಾತಾಡಿದಳು. ಮೊದಲು ತಡವರಿಸಿದಳಂತೆ, ಆಮೇಲೆ ಸರಾಗವಾಯಿತಂತೆ. ಅವಳು ಹೇಳಿದ ಒಂದು ಬಟ್ಟೆಯನ್ನು ಒಂದು ಕಂಪನಿಯವರು ಆರಿಸಿಕೊಂಡರು. ಇನ್ನೊಂದನ್ನು ಯಾರೂ ಆರಿಸಲಿಲ್ಲ, ಅದರಿಂದ ನನಗೇನೂ ಬೇಜಾರಿಲ್ಲ. ಪಾರ್ವತಮ್ಮನಿಗೆ ಫೋನು ಮಾಡಿ ಹೇಳಿದೆ. ಅವರು ಆಗಲೇ ಅವರ ಬೀದಿಗೆಲ್ಲ ಹೇಳಿ ಮುಗಿಸಿದ್ದರು.

ಇಷ್ಟಾದ ಮೇಲೆ ಮೊನ್ನೆ ಮತ್ತೆ ಫೋನು ಬಂತು. ಅವಳು ಬರುವ ವಾರ ಬರುತ್ತಾಳೆಂದು ನಾನು ಅವಳ ಹಾಸಿಗೆಯ ಹತ್ತಿ ಹಿಂಜಿಸಿ, ಹೊಸ ಗವಸು ಹಾಕಿಸಿದ್ದೆ. ಮಹೇಶ, ಸುಮಾ, ನಾನು ಮೂವರೂ ಫೋನಿನ ಮುಂದೆ ತಲೆ ಕೂಡಿಸಿದ್ದೆವು.

"ಇನ್ನೊಂದು ವರ್ಷ ಇರ್ತೀಯಾ, ಸಂಬಳ ಕೊಟ್ಟು ಇಟ್ಕೋತೀವಿ ಅಂತ ಮೇಡಂ ಕೇಳಿದ್ರು. ಕೇಳಿದ ಕೂಡ್ಲೇ ಹೂಂ ಅಂದ್ಬಿಟ್ಟೆ. ಆಮೇಲೆ ನೆನಪಾತು, ನಿಮ್ಮನ್ನ ಕೇಳೇ ಇಲ್ಲ ಅಂತ. ಈಗ ಕೇಳ್ತಿದೀನಿ. ಇರ್ಲಾ ಅಜ್ಜಿ?"

ಮಗ ಸೊಸೆ ಇಬ್ಬರೂ ನನ್ನ ಮುಖ ನೋಡಿದರು.

"ಇರು" ಎಂದೆ. ನನ್ನ ಬಾಯಿಂದ ಇಷ್ಟು ಬೇಗ ಯಾವ ಮಾತೂ ಬಂದದ್ದಿಲ್ಲ. ಸಿಂಚನಾ ಆ ಕಡೆ ಕುಣಿದಳು, ಫೋನಿನಲ್ಲಿ ಅವಳ ಕೋಣೆಯ ಗೋಡೆ, ಮಾಳಿಗೆ, ಕಿಟಕಿ ಎಲ್ಲ ಗಿರಗಿರನೆ ತಿರುಗಿದವು. ನನಗೂ ಕುಣಿಯುವಷ್ಟೇ ಸಂತೋಷ. ಎದ್ದು ಹೋಗಿ ಸುಮಾ ಕೇಳಲೆಂದು ಕಾಯದೆ ನಾನೇ ಎಲ್ಲರಿಗೂ ಚಾ ಇಟ್ಟೆ.

ಅವಳು "ನಿಜವಾಗ್ಲೂ ಅಜ್ಜಿ?" ಎಂದು ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ನಾನು ಏನನ್ನುತ್ತಿದ್ದೆನೋ ದೇವರಿಗೇ ಗೊತ್ತು. ಹೂಂ ಅನ್ನುವುದನ್ನು ಕಲಿತವರಿಗೆ, ಇನ್ನೊಬ್ಬರ ಹೂಂ ಅನ್ನು ಒಂದೇ ಸಲಕ್ಕೆ ನಂಬುವುದೂ ಬಂದುಬಿಡುತ್ತದೆ ಎಂದು ಕಾಣುತ್ತದೆ.