ಚೆಕ್‌ಪೋಸ್ಟ್ ಎದ್ದುಹೋದ ವಾರ

೨೦೧೭ರ ಜುಲೈ, ಜಿಎಸ್‌ಟಿ ಜಾರಿಗೆ ಬಂದ ತಿಂಗಳು. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯಲ್ಲಿ ತೆರಿಗೆಯವರ ಚೆಕ್‌ಪೋಸ್ಟ್ ಇತ್ತು. ಅದರ ಪಕ್ಕದಲ್ಲೇ ನಾನು, ನಮ್ಮತ್ತೆ ಸಣ್ಣ ಹೋಟೆಲ್ ನಡೆಸುತ್ತಿದ್ದೆವು. ಸರಕಿನ ಬಿಲ್ ತೋರಿಸಲು ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು. ಕಾಯುವ ಹೊತ್ತಿನಲ್ಲಿ ಡ್ರೈವರ್‌ಗಳು ನಮ್ಮಲ್ಲಿ ಇಡ್ಲಿ ತಿನ್ನುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಒಲೆಯಿಂದಲೇ.

ಹೊಸ ಪದ್ಧತಿಯಲ್ಲಿ ಚೆಕ್‌ಪೋಸ್ಟ್ ಬೇಡವಾಯಿತು. ಒಂದು ಬೆಳಿಗ್ಗೆ ನೋಡಿದರೆ ಗೇಟು ಮೇಲಕ್ಕೆತ್ತಿದೆ, ಕೌಂಟರ್ ಮುಚ್ಚಿದೆ. ನಾನು ಎಂದಿನಂತೆ ಇಡ್ಲಿ ಬೇಯಿಸಿದೆ. ಪರಿಚಯದ ಡ್ರೈವರ್‌ಗಳು ಹಾರ್ನ್ ಹೊಡೆದು ನಕ್ಕು ಹೋದರು. ಯಾರೂ ನಿಲ್ಲಲಿಲ್ಲ.

"ನಮ್ ಕಾಲ್ದಲ್ಲಿ ಸಂತೆಮರಹಳ್ಳಿ ಸಂತೇಲಿ ಒಂದೊಂದು ಮಂಕರಿ ತರ್ಕಾರಿಗೂ ಸುಂಕ ಇಸ್ಕತಿದ್ರು. ಈಗ ಸರ್ಕಾರದೋರು ಸುಂಕಾನೇ ಬುಟ್ಬುಟ್ರೇನಮ್ಮಿ?" ಅತ್ತೆ ಕೇಳಿದರು.

"ಎಲ್ಲಿ ಬುಡ್ತಾರತ್ತೆ? ಅಂಗ್ಡಿಯೋರೇ ಕಂಪ್ಯೂಟರ್‌ನಲ್ಲಿ ಕಟ್ತಾರಂತೆ. ಲಾರಿ ನಿಲ್ಸೋ ಅಂಗಿಲ್ಲ."

"ಅಂಗಾರೆ ನಮ್ ಗತಿ?"

ಉಳಿದ ಇಡ್ಲಿಯನ್ನು ಎಮ್ಮೆಗೆ ಹಾಕಿದೆವು. ಮಾರನೆಯ ದಿನವೂ ಅದೇ ಕಥೆ.

ಆ ವಾರದಲ್ಲೇ ಒಂದು ಮಧ್ಯಾಹ್ನ ಬಶೀರಣ್ಣ ಬೆವರು ಒರೆಸಿಕೊಳ್ಳುತ್ತಾ ನಡೆದು ಬಂದರು. ವರ್ಷಗಳಿಂದ ನಮ್ಮಲ್ಲಿ ತಿನ್ನುತ್ತಿದ್ದ ಮಲಯಾಳಿ ಡ್ರೈವರ್ ಅವರು, ನನ್ನನ್ನು ಅಕ್ಕ ಎನ್ನುವ ಬದಲು ತಮ್ಮ ಭಾಷೆಯಲ್ಲಿ ಚೇಚಿ ಎನ್ನುತ್ತಿದ್ದರು. ಲಾರಿಯನ್ನು ಎಲ್ಲೋ ದೂರದಲ್ಲಿ ನಿಲ್ಲಿಸಿದ್ದರು.

"ಚೇಚಿ, ನಿಮ್ಮ ಇಡ್ಲಿ ಬೇಡ ಅಂತಲ್ಲ. ಇಲ್ಲಿ ಬದೀಲಿ ಜಾಗ ಇಲ್ಲ, ನಿಲ್ಲಿಸಿದ್ರೆ ಹಿಂದಿನ ಗಾಡಿಯವನು ಬೈತಾನೆ. ಮುಂದೆ ಒಳ್ಳೆ ಜಾಗ ಉಂಟು. ಬನ್ನಿ, ತೋರಿಸ್ತೀನಿ."

ನಾನು ಹಿಂದೆಮುಂದೆ ನೋಡುತ್ತಿದ್ದೆ. ಅತ್ತೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ನಡಿಯಮ್ಮಿ, ಓಗನ. ನಾನೂ ಬತ್ತೀನಿ."

ಅತ್ತೆಯನ್ನು ಲಾರಿ ಹತ್ತಿಸಲು ನಾನು ಕೆಳಗಿನಿಂದ ನೂಕಿದೆ, ಬಶೀರಣ್ಣ ಮೇಲಿನಿಂದ ಎಳೆದರು. ಇಷ್ಟು ವರ್ಷ ಲಾರಿಯವರಿಗೆ ಬಡಿಸಿದ್ದೆ, ಲಾರಿಯಲ್ಲಿ ಕೂತಿದ್ದು ಅದೇ ಮೊದಲು. ಅಷ್ಟು ಎತ್ತರದಿಂದ ನೋಡಿದಾಗ ಡ್ರೈವರ್‌ನ ಕಷ್ಟ ಅರ್ಥವಾಯಿತು. ದಾರಿಬದಿಯ ಅಂಗಡಿ ಕಣ್ಣಿಗೆ ಬೀಳುವಷ್ಟರಲ್ಲಿ ಲಾರಿ ಅದನ್ನು ದಾಟಿರುತ್ತಿತ್ತು.

ಮುಂದೆ ರಸ್ತೆ ಪಕ್ಕದಲ್ಲಿ, ಹುಣಸೆಮರಗಳ ಕೆಳಗೆ, ಲಾರಿಗಳು ಆರಾಮಾಗಿ ನಿಲ್ಲುವಂಥ ಬಯಲಿತ್ತು. ಅದರ ಯಜಮಾನರು ಅಲ್ಲೇ ಜಮೀನಿನಲ್ಲಿದ್ದರು. ಅತ್ತೆ ಲಾರಿಯಿಂದ ಇಳಿಯುತ್ತಲೇ ಮಾತು ಶುರು ಮಾಡಿದರು. "ಇಲ್ಲೊಂದು ಶೆಡ್ ಆಕ್ಕತೀವಿ ಕಣಪ್ಪ. ಬಾಡ್ಗೆ ಯೋಳ್ಬುಡು." ಆ ಸಂಜೆಯೊಳಗೆ ಮಾತು ಕುದುರಿತು.

ತಗಡು, ಬೆಂಚು, ಒಲೆ ಎಲ್ಲವನ್ನೂ ಬಶೀರಣ್ಣನೇ ತಮ್ಮ ಲಾರಿಯಲ್ಲಿ ಸಾಗಿಸಿದರು. ದುಡ್ಡು ಕೊಡಲು ಹೋದರೆ, "ನಾನೂ ಎಲ್ಲಾದ್ರೂ ತಿನ್ಬೇಕಲ್ಲ ಚೇಚಿ" ಎಂದು ಗಾಡಿ ಹತ್ತಿದರು.

ಹೊಸ ಜಾಗದಲ್ಲಿ ಒಲೆ ಹಚ್ಚಿದ ಬೆಳಿಗ್ಗೆ ಬಹಳ ಹೊತ್ತು ಯಾರೂ ಬರಲಿಲ್ಲ. ನಾನು ಒರೆಸಿದ ಬೆಂಚನ್ನೇ ಮತ್ತೆ ಒರೆಸಿದೆ. ಆಮೇಲೆ ಒಂದು ಲಾರಿ ನಿಧಾನ ಮಾಡಿ ಬಯಲಿಗೆ ಇಳಿಯಿತು, ಅದರ ಹಿಂದೆ ಇನ್ನೊಂದು. "ಬಶೀರಿಕ್ಕ ಹೇಳಿದ್ರು" ಎಂದು ಬಶೀರಣ್ಣನನ್ನು ಮಲಯಾಳಿಗಳ ರೀತಿಯಲ್ಲಿ ಕರೆಯುತ್ತಾ ಡ್ರೈವರ್‌ಗಳು ಬೆಂಚಿನ ಮೇಲೆ ಕೂತರು. ಮಧ್ಯಾಹ್ನದೊಳಗೆ ಹಿಟ್ಟಿನ ಪಾತ್ರೆ ತಳ ಕಂಡಿತು.

ಈಗ ನಮ್ಮಲ್ಲಿ ಊಟವೂ ಸಿಗುತ್ತದೆ, ಕೆಲಸಕ್ಕೆ ಇಬ್ಬರು ಹೆಂಗಸರಿದ್ದಾರೆ. ಸರ್ಕಾರ ತೆರಿಗೆ ತೆಗೆದುಕೊಳ್ಳುವ ದಾರಿ ಇನ್ನೆಷ್ಟು ಸಲ ಬದಲಾಗುತ್ತದೋ, ನನಗಂತೂ ಭಯವಿಲ್ಲ. ಆಗ ಗೇಟಿಗಾಗಿ ನಿಂತವರು ನಮ್ಮಲ್ಲಿ ತಿನ್ನುತ್ತಿದ್ದರು, ಈಗ ತಿನ್ನುವುದಕ್ಕೆಂದೇ ನಿಲ್ಲುತ್ತಾರೆ. ಬಶೀರಣ್ಣ ಅಷ್ಟು ದೂರ ನಡೆದು ಬಂದು ಆ ಮಾತು ಹೇಳದೇ ಇದ್ದಿದ್ದರೆ, ನಾನು ಇವತ್ತಿಗೂ ಸರ್ಕಾರವನ್ನು ಬೈದುಕೊಂಡು ಅಲ್ಲೇ ಕೂತಿರುತ್ತಿದ್ದೆನೇನೋ.